ಎಲ್ಲಾ ಅಳಿಸು!

"ಮಂಗಳಾ, ಬೇಗ ಬಾ! ಇನ್ಮೇಲೆ ಕಂಪ್ಯೂಟರ್ ಕಲಿಯೋಕೆ ಯಾರೂ ಹೆದರಬೇಕಾಗಿಲ್ಲ!" ಎಂದು ಮೃತ್ಯುಂಜಯಪ್ಪ ಕೋಣೆಯಿಂದ ಕೂಗಿದಾಗ ಸರ್ವಮಂಗಳಮ್ಮನಿಗೆ ನಿಜಕ್ಕೂ ಹೆದರಿಕೆಯಾಯಿತು. ರೇಡಿಯೋ ರಿಪೇರಿ ಅಂಗಡಿ ಮುಚ್ಚಿದ ಮೇಲೆ ಗಂಡ ಹೀಗೆ ಕೂಗಿದಾಗಲೆಲ್ಲ ಮನೆಯ ಫ್ಯೂಸ್ ಹೋಗುವುದು ರೂಢಿಯಾಗಿತ್ತು.

ಕೋಣೆಯಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರಿನ ನೆತ್ತಿಯ ಮೇಲೆ ಒಂದು ತಗಡಿನ ಡಬ್ಬಿ ಕೂತಿತ್ತು. ಅದಕ್ಕೊಂದು ಮೈಕು, ಜೊತೆಗೆ ಎದುರಿಗೆ ಬಾಯಿ ತೆರೆದ ಸೀಮೆಎಣ್ಣೆ ಲಾಳಿಕೆ.

"ಇದರ ಹೆಸರು ಗಣಕಗುರು. ನೀನು ಕನ್ನಡದಲ್ಲಿ ಹೇಳಿದ್ದನ್ನ ಚಾಚೂ ತಪ್ಪದೆ ಮಾಡತ್ತೆ. ಅಷ್ಟೇ ಅಲ್ಲ ಕಣೇ, ಕಲಿಯೋರ ಮನಸ್ಸಿಗೇ ಅಲೆ ಕಳಿಸಿ ಭಯ ತೆಗೆದು ಕುತೂಹಲ ತುಂಬತ್ತೆ!"

"ನನ್ನ ಮನಸ್ಸಿಗೆ ಲಾಳಿಕೆ ಇಟ್ಟು ತುಂಬ್ತೀರಾ? ಚೆನ್ನಾಗಿದೆ!"

ಬೈದರೂ ಅವರು ಕುರ್ಚಿ ಎಳೆದು ಕೂತರು. ಕಾರಣ ಇತ್ತು. ಅಂದು ಸಂಜೆ ಬಡಾವಣೆಯ ನಗೆಕೂಟದ ವಾರ್ಷಿಕೋತ್ಸವ. ಅಲ್ಲಿ ಅವರ ಮೊಟ್ಟಮೊದಲ ಹಾಸ್ಯ ಭಾಷಣ. ಅಧ್ಯಕ್ಷ ಕರಿಬಸಪ್ಪನವರು, "ಹೆಂಗಸರು ಅಳಿಸೋದ್ರಲ್ಲಿ ಎತ್ತಿದ ಕೈ. ನಗಿಸೋ ಕೆಲಸ ನಮಗೇ ಬಿಡಿ ತಾಯಿ" ಎಂದು ಎಲ್ಲರೆದುರು ಅಂದುಬಿಟ್ಟಿದ್ದರು. ಆ ಮಾತು ಮಂಗಳಮ್ಮನ ಎದೆಗೆ ನಾಟಿತ್ತು. ನಗಿಸಿಯೇ ತೀರಬೇಕು, ಅದೂ ಕಂಪ್ಯೂಟರಿನಲ್ಲಿ ತಾನೇ ಟೈಪ್ ಮಾಡಿದ ಭಾಷಣದಿಂದ ಎಂದು ಹಟ ಹಿಡಿದಿದ್ದರು.

ಪಾಠ ಶುರುವಾಯಿತು. ಮಂಗಳಮ್ಮ ಮೌಸ್ ಹಿಡಿದು ಬಲಕ್ಕೆ ಸರಿಸಿದರು, ಸರಿಸಿದರು, ಮೇಜಿನ ಅಂಚಿಗೆ ಬಂದು ನಿಂತರು.

"ರೀ, ಬಾಣ ಇನ್ನೂ ಅರ್ಧದಲ್ಲಿದೆ. ಮೇಜು ಮುಗೀತಲ್ಲ!"

"ಎತ್ತಿ ಈಚೆಗಿಟ್ಟು ಮತ್ತೆ ಸರಿಸೇ!"

"ಎತ್ತಬಹುದಾ? ಮೊದಲೇ ಹೇಳೋಕೇನಾಗಿತ್ತು? ಈಗ ಪಕ್ಕದ ಮನೆಯೋರ ಮೇಜು ಕೇಳೋಕೆ ಹೊರಟಿದ್ದೆ!"

ಡಬಲ್ ಕ್ಲಿಕ್ಕಂತೂ ಬಲು ಹಿಡಿಸಿತು. ಬಾಗಿಲು ತಟ್ಟಿದ ಹಾಗೆ ಎರಡು ಸಲ ಟಕಟಕ ಅಂದರೆ ಒಳಗಿರುವುದು ತೆರೆದುಕೊಳ್ಳುತ್ತದೆ! ಲಾಳಿಕೆಯ ಅಲೆ ತಾಗುತ್ತಿದ್ದ ಹಾಗೆ ಅವರ ಕುತೂಹಲ ಹೆಚ್ಚುತ್ತ ಹೋಯಿತು. ಇದನ್ನು ಒತ್ತಿದರೆ ಏನಾಗುತ್ತದೆ, ಅದನ್ನು ಎಳೆದರೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತ ಕೇಳುತ್ತ ಭಾಷಣವನ್ನು ಟೈಪ್ ಮಾಡಿಯೇಬಿಟ್ಟರು.

"ಕೊನೇಲಿ 'ಉಳಿಸು' ಅನ್ನೋದು ಮರೀಬೇಡ. ಅನ್ನದಿದ್ರೆ ಮಾಡಿದ್ದೆಲ್ಲ ನೀರುಪಾಲು" ಎಂದರು ಮೃತ್ಯುಂಜಯಪ್ಪ.

"ಉಳಿಸು!"

ಭಾಷಣ ಉಳಿಯಿತು. ವಿಚಿತ್ರವೆಂದರೆ ಕುತೂಹಲವೂ ಉಳಿಯಿತು! ಮಂಗಳಮ್ಮ ಮಿಕ್ಸಿಯ ತಳ ಬಿಚ್ಚಿ ನೋಡಿದರು, ಗಡಿಯಾರದ ಬೆನ್ನು ಕಳಚಿದರು, ಕುಕ್ಕರ್ ಯಾಕೆ ಕೂಗುತ್ತದೆಂದು ಅದರೆದುರು ಕೂತುಬಿಟ್ಟರು. ಅಷ್ಟರಲ್ಲಿ ಅನ್ನ ಸೀದಿತ್ತು.

ಊಟ ಮುಗಿಸಿ ಭಾಷಣ ತೆರೆದಾಗ ಒಂದು ಸಾಲು ಸಪ್ಪೆ ಎನಿಸಿತು. "ಈ ಸಾಲು ಅಳಿಸು" ಎಂದರು. ಸಾಲು ಹೋಯಿತು. ಜೊತೆಗೆ ಅವರ ಕಣ್ಣಿಂದ ಎರಡು ಹನಿ ಉದುರಿತು. ಇಡೀ ಪ್ಯಾರಾ ಅಳಿಸಲು ಹೇಳಿದಾಗ ಗಂಡ ಹೆಂಡತಿ ಇಬ್ಬರೂ ಬಿಕ್ಕತೊಡಗಿದರು.

"ಅಳೋದ್ಯಾಕ್ರೀ?"

"ಗೊತ್ತಿಲ್ಲ ಕಣೇ! ನಮ್ಮನೇಲಿ ಹಿಂದೆ ಒಂದು ಕೆಂಪು ಛತ್ರಿ ಇತ್ತಲ್ಲ, ಬಸ್ಸಲ್ಲಿ ಬಿಟ್ಟು ಬಂದ್ನಲ್ಲ!"

ಪರದೆ ನೋಡಿ ನೋಡಿ ಕಣ್ಣು ಉರಿಯುತ್ತಿರಬೇಕು ಎಂದು ಮೃತ್ಯುಂಜಯಪ್ಪ ತೀರ್ಮಾನಿಸಿದರು.

ಸಂಜೆ ಇನ್ನೊಂದು ಪೇಚು. ಪ್ರಿಂಟ್ ತೆಗೆಯುವ ಪಾಠವನ್ನು ಡಬ್ಬಿಗೆ ಇನ್ನೂ ತುಂಬಿಯೇ ಇರಲಿಲ್ಲ. ಕೊನೆಗೆ ಮಾನಿಟರು, ಸಿಪಿಯು, ಗಣಕಗುರು ಸಮೇತ ಇಡೀ ಸಂಸಾರವನ್ನು ಆಟೋದಲ್ಲಿ ಹೇರಿಕೊಂಡು ಸಮುದಾಯ ಭವನಕ್ಕೆ ಹೋದರು. ವೇದಿಕೆಯ ಮೇಲೆ ಅದನ್ನೆಲ್ಲ ಜೋಡಿಸುವುದನ್ನು ಕಂಡು ಕರಿಬಸಪ್ಪನವರು, "ಭಾಷಣಾನೋ, ಟಿಕೆಟ್ ಬುಕಿಂಗೋ?" ಎಂದರು. ಸಭೆ ಗೊಳ್ಳೆಂದಿತು. ಮಂಗಳಮ್ಮ ಅದಕ್ಕೆ ಸೊಪ್ಪು ಹಾಕದೆ ಟಕಟಕ ಎಂದು ಫೈಲು ತೆರೆದರು.

ಪರದೆಯ ತುಂಬ ಕಕಕಕಕಕ! ಇನ್ನೂ ತಂತಿ ಸಿಕ್ಕಿಸುವ ಗಡಿಬಿಡಿಯಲ್ಲಿದ್ದ ಮೃತ್ಯುಂಜಯಪ್ಪ ಕೀಬೋರ್ಡಿನ ಮೇಲೆ ಮೊಣಕೈ ಊರಿದ್ದರು. 'ಕ' ಉಕ್ಕಿ ಉಕ್ಕಿ ಭಾಷಣ ಎಲ್ಲೋ ಕೆಳಗೆ ಮುಳುಗಿಹೋಗಿತ್ತು.

"ಅಯ್ಯೋ! ಇದನ್ನ... ಎಲ್ಲಾ ಅಳಿಸು!"

ಮೊದಲ ಸಾಲಿನವರು ಕರವಸ್ತ್ರ ತೆಗೆದರು. ಎರಡನೆಯ ಸಾಲಿನವರು ಮೊದಲ ಸಾಲಿನವರ ಹೆಗಲ ಮೇಲೆ ಬಿದ್ದರು. ಹಿಂದುಗಡೆ ಕಾಫಿ ಹಂಚುತ್ತಿದ್ದವನು ಫ್ಲಾಸ್ಕನ್ನೇ ಅಪ್ಪಿಕೊಂಡು ಗೋಳೋ ಎಂದ. ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದವರು ಕರಿಬಸಪ್ಪನವರು. "ಪ್ರತಿ ವರ್ಷ ಅದೇ ಎಮ್ಮೆ ಜೋಕು ಹೇಳ್ತೀನಿ! ನೀವೆಲ್ಲ ಬರೀ ಮರ್ಯಾದೆಗೆ ನಗ್ತೀರಿ, ನಂಗೊತ್ತು!" ಎಂದು ಎದೆ ಬಡಿದುಕೊಂಡರು.

"ಹೌದು ಸಾರ್, ಮರ್ಯಾದೆಗೇ!" ಎಂದು ಸಭೆಯೂ ಅಳುತ್ತಲೇ ಒಪ್ಪಿಕೊಂಡಿತು.

ಮಂಗಳಮ್ಮನೂ ಬಿಕ್ಕುತ್ತಿದ್ದರು. ಭಾಷಣವಂತೂ ಕಕಾರಗಳ ಜೊತೆಯಲ್ಲೇ ಅಳಿದುಹೋಗಿತ್ತು. ಕಡೆಗೂ ಕರಿಬಸಪ್ಪನವರ ಮಾತೇ ನಿಜವಾಯಿತಲ್ಲ ಎಂಬ ಸಂಕಟ ಬೇರೆ. ಆದರೆ ಬೆಳಗ್ಗಿನಿಂದ ಉಳಿದಿದ್ದ ಆ ಕುತೂಹಲ ಸುಮ್ಮನಿರಲಿಲ್ಲ. ಸಾಲು ಅಳಿಸು ಅಂದೆ, ಅತ್ತೆ. ಪ್ಯಾರಾ ಅಳಿಸು ಅಂದೆ, ಇಬ್ಬರೂ ಅತ್ತೆವು. ಈಗ... ಅವರು ಥಟ್ಟನೆ ವೇದಿಕೆಯ ಮೈಕು ಹಿಡಿದರು.

"ಸ್ವಾಮಿ, ಈ ಡಬ್ಬಿಗೆ ನಾನು ಹೇಳಿದ್ದು ಅಕ್ಷರ ಅಳಿಸು ಅಂತ. ಇದು ನಿಮ್ಮನ್ನ ಅಳಿಸ್ತಾ ಇದೆ! ನಮ್ಮೆಜಮಾನ್ರು ಮಾಡಿದ ಯಂತ್ರ. ಮನೇಲೂ ಹೀಗೇ, ನಾನೊಂದು ಹೇಳಿದ್ರೆ ಅವರೊಂದು ಮಾಡ್ತಾರೆ. ಪುಣ್ಯಕ್ಕೆ 'ಕತ್ತರಿಸು' ಅನ್ನಲಿಲ್ಲ!"

ಇಡೀ ಭವನ ಹಾರಿಹೋಗುವಂಥ ನಗು! ಕಣ್ಣಲ್ಲಿ ನೀರು ಹರಿಯುತ್ತಲೇ ಇತ್ತು, ಹೊಟ್ಟೆ ಹಿಡಿದು ನಗುತ್ತಲೇ ಇದ್ದರು. ಕರಿಬಸಪ್ಪನವರು ಕುರ್ಚಿಯಿಂದ ಜಾರಿ ನೆಲಕ್ಕೆ ಕೂತು, "ಸೋತೆ ತಾಯಿ, ಸೋತೆ!" ಎಂದರು. ಮಂಗಳಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸಂತೋಷದ ಭರದಲ್ಲಿ ಬೆಳಗ್ಗೆ ಕಲಿತ ಪಾಠವನ್ನು ವಿಧೇಯವಾಗಿ ನೆನಪಿಸಿಕೊಂಡರು.

"ಉಳಿಸು!"

ಉಳಿಯಿತು. ಮರುದಿನವೂ ಬಡಾವಣೆ ಅಳುತ್ತ ನಗುತ್ತಲೇ ಇತ್ತು. ಹಾಲಿನವನು ನಕ್ಕೂ ನಕ್ಕೂ ಹಾಲು ಚೆಲ್ಲಿ, ಚೆಲ್ಲಿದ್ದಕ್ಕೆ ಅತ್ತ. ಸಾವಿನ ಮನೆಗೆ ಸಮಾಧಾನ ಹೇಳಲು ಹೋದ ಕರಿಬಸಪ್ಪನವರನ್ನು ಗೇಟಿನಲ್ಲೇ ತಡೆದು ವಾಪಸು ಕಳಿಸಿದರು.

ಮೃತ್ಯುಂಜಯಪ್ಪ ಕಣ್ಣೊರೆಸಿಕೊಳ್ಳುತ್ತ, ಕಿಸಕಿಸ ನಗುತ್ತ ಡಬ್ಬಿ ಬಿಚ್ಚಿ ಕೂತಿದ್ದರು.

"ರೀ, ಮಾಡಿದ್ದನ್ನ ರದ್ದು ಮಾಡೋದು ಯಾವ ಪಾಠದಲ್ಲಿ ಬರತ್ತೆ?"

"ಅದು ಪ್ರಿಂಟ್ ಪಾಠ ಆದ್ಮೇಲೆ ಕಣೇ. ಎರಡನ್ನೂ ಇನ್ನೂ ತುಂಬಿಲ್ಲ."