ಏಳಲೊಲ್ಲದ ಹದಿನೇಳನೇ ಗೇಟಿಗೊಂದು ದೂರು

ಹದಿನೇಳನೇ ನಂಬರಿನ ರೈಲ್ವೆ ಗೇಟಿನವರ ಸನ್ನಿಧಿಗೆ,

ಮಾನ್ಯರೇ,

ಕೆಂಪು ಬಿಳಿ ಪಟ್ಟೆಗಳ ತಮ್ಮ ನೀಳ ಶರೀರಕ್ಕೆ ಸಾರಿಗೆ ಏಜೆಂಟೊಬ್ಬಳ ಸವಿನಯ ವಂದನೆಗಳು. ತಾವು ಮಲಗಿದ ಭಂಗಿಯಲ್ಲೇ ಕ್ಷೇಮವಾಗಿದ್ದೀರೆಂದು ನಮ್ಮ ಚಾಲಕರಿಂದ ದಿನಕ್ಕೆ ನಾಲ್ಕು ಬಾರಿ ತಿಳಿದುಬರುತ್ತಿದೆ. ಇತ್ತ ನಾವೂ ತಮ್ಮೆದುರು ನಿಂತು ನಿಂತು ಕ್ಷೇಮ.

ನನ್ನ ಪರಿಚಯ ತಮಗಿರಲಾರದು. ಟೈರ್ ಅಂಗಡಿಯ ಮೇಲಿನ ಒಂದೇ ಕೋಣೆಯ ಕಚೇರಿಯಲ್ಲಿ, ಮೂರು ಫೋನು, ಒಂದು ಬಿಳಿ ಹಲಗೆ ಮತ್ತು ಒಂದು ಗಾಲಿ ಕಳೆದುಕೊಂಡ ಕುರ್ಚಿಯ ನಡುವೆ ಕುಳಿತು, ಯಾವ ಸರಕು ಯಾವ ಲಾರಿಗೆ, ಯಾವ ಪ್ರಯಾಣಿಕರು ಯಾವ ಬಸ್ಸಿಗೆ, ಯಾರು ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂದು ಹೊಂದಿಸುವವಳು ನಾನು. ಒಂದು ಹೊಲಿಗೆ ಬಿಟ್ಟರೆ ಇಡೀ ದಿನವೇ ಬಿಚ್ಚಿಕೊಳ್ಳುವ ಕೆಲಸ. ಆದರೆ ಇದು ಕೆಲಸವೇ ಅಲ್ಲವೆಂಬುದು ನಮ್ಮ ಅತ್ತೆಯವರ ದೃಢ ನಂಬಿಕೆ. "ಅವಳೇನ್ ಮಾಡ್ತಾಳೆ, ಬೆಳಗಿಂದ ಸಂಜೆವರೆಗೂ ಫೋನಲ್ಲಿ ಹರಟೆ ಹೊಡೀತಾಳೆ" ಎಂದು ಒಂಬತ್ತು ವರ್ಷಗಳಿಂದ ಮನೆಗೆ ಬಂದವರಿಗೆಲ್ಲ ಹೇಳುತ್ತ ಬಂದಿದ್ದಾರೆ.

ಕಳೆದ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಗೂಡ್ಸ್ ಗಾಡಿ ಸಾಗಿಹೋದ ಮೇಲೆ, ತಾವು ಒಮ್ಮೆ ಗುರ್ ಎಂದು, ಸುಟ್ಟ ವಾಸನೆ ಬಿಟ್ಟು, ಏಳುವ ವಿಚಾರವನ್ನೇ ಕೈಬಿಟ್ಟಿರಿ. ಕೈಯಿಂದ ತಿರುಗಿಸಿ ಎತ್ತುವ ಹಿಡಿಯೋ, ತುಕ್ಕು ಹಿಡಿದು ತಮ್ಮ ಪಕ್ಷವನ್ನೇ ಸೇರಿತ್ತು. ಆಗ ಈಚೆ ಬದಿಯಲ್ಲಿ ಮೂವತ್ತೊಂದು ಮಂದಿಯಿದ್ದ ನಮ್ಮ ಬಸ್ಸು ನಿಂತಿತ್ತು. ಅದರ ಕಿಟಕಿ ಪಕ್ಕದ ಸೀಟಿನಲ್ಲಿ, ತಂಗಿಯ ಮನೆಗೆ ಹೊರಟ ಸ್ವತಃ ಅತ್ತೆಯವರಿದ್ದರು. ಬಸ್ಸಿನ ಹಿಂದೆ ನಮ್ಮದೇ ವ್ಯಾನು. ಅದರಲ್ಲಿ ಇಪ್ಪತ್ತನಾಲ್ಕು ಡಬ್ಬ, ಡಬ್ಬಕ್ಕೆ ನೂರರಂತೆ ಹಿಂದಿನ ದಿನವಷ್ಟೇ ಮೊಟ್ಟೆಯೊಡೆದ ಕೋಳಿಮರಿಗಳು. ಆಚೆ ಬದಿಯಲ್ಲಿ ನಮ್ಮ ಇನ್ನೊಂದು ಬಸ್ಸು ಇಪ್ಪತ್ತೆಂಟು ಮಂದಿಯೊಂದಿಗೆ ಇತ್ತ ಬರುತ್ತಿತ್ತು, ಅದರ ಬೆನ್ನಿಗೆ ಸರಕು ಇಳಿಸಿ ಮರಳುತ್ತಿದ್ದ ನಮ್ಮದೇ ಖಾಲಿ ಲಾರಿ.

ಕೋಳಿಮರಿಗಳು ಹೋಗಬೇಕಿದ್ದ ಫಾರಂ ಇದ್ದದ್ದು ಆಚೆ ಬದಿಯಲ್ಲಿ. ತಮ್ಮ ಕೃಪೆಯಿಂದ ಅಲ್ಲಿಗೆ ಈಗಾಗಲೇ ಎರಡು ಸಲ ತಡವಾಗಿ, "ಮೂರನೇ ಸಲ ಹೀಗಾದ್ರೆ ನಾನು ಬೇರೆಯವರನ್ನ ನೋಡ್ಕೋತೀನಿ ಮೇಡಂ, ಬೇಜಾರು ಮಾಡ್ಕೋಬೇಡಿ" ಎಂದು ಮಾಲೀಕರು ಮೆಲ್ಲಗೆ ಹೇಳಿದ್ದರು. ಅವರ ಮೆಲುದನಿಯಷ್ಟು ನನ್ನನ್ನು ಹೆದರಿಸಿದ್ದು ಬೇರೊಂದಿಲ್ಲ. ಬಿಸಿಲೇರುತ್ತಿತ್ತು, ಮುಚ್ಚಿದ ವ್ಯಾನಿನಲ್ಲಿ ಮರಿಗಳು ಬೇಯುತ್ತಿದ್ದವು, ಸುತ್ತುದಾರಿ ಅರವತ್ತು ಕಿಲೋಮೀಟರು, ರಿಪೇರಿಯವರು ಬರಲು ಇನ್ನೂ ನಾಲ್ಕು ಗಂಟೆ.

ಒಂದು ಫೋನಿನಲ್ಲಿ ಗೇಟ್ ಕಾಯುವವರನ್ನೂ ಇನ್ನೊಂದರಲ್ಲಿ ಸ್ಟೇಷನ್ನಿನವರನ್ನೂ ಹಿಡಿದು ವಿಚಾರಿಸಿದೆ. ಹನ್ನೊಂದು ಇಪ್ಪತ್ತರವರೆಗೆ ಯಾವ ಗಾಡಿಯೂ ಇಲ್ಲ, ಪಕ್ಕದ ಕಿರುಬಾಗಿಲಿನಿಂದ ಜನ ನಡೆದು ದಾಟಬಹುದು ಎಂದರು. ಹಾಗಾದರೆ ಈಚೆಯವರು ಆಚೆ, ಆಚೆಯವರು ಈಚೆ ದಾಟಲಿ, ಮರಿಗಳು ಲಾರಿ ಹತ್ತಲಿ, ಗಾಡಿಗಳು ಬಂದ ದಾರಿಗೇ ಮೂತಿ ತಿರುಗಿಸಲಿ ಎಂದು ಈಚೆ ಬದಿಯ ಬಸ್ಸಿನ ಚಾಲಕನಿಗೆ ಹೇಳಿದೆ. "ನನ್ ಮಾತು ಯಾರ್ ಕೇಳ್ತಾರೆ ಮೇಡಂ? ಒಬ್ಬೊಬ್ರು ಒಂದೊಂದು ಹೇಳ್ತಿದಾರೆ" ಎಂದು ಆತ ಗೋಳಾಡುತ್ತಿರುವಾಗಲೇ ಯಾರೋ ಅವನ ಕೈಯಿಂದ ಫೋನು ಕಿತ್ತುಕೊಂಡ ಸದ್ದಾಯಿತು.

"ನಾನು ಕಣೇ. ಏನ್ ಮಾಡ್ಬೇಕು ಹೇಳು."

ಮಾನ್ಯರೇ, ಒಂಬತ್ತು ವರ್ಷಗಳಲ್ಲಿ ಅತ್ತೆಯವರು ನನ್ನನ್ನು ಹೀಗೆ ಕೇಳಿದ್ದು ಅದೇ ಮೊದಲು. "ಯಾರು?" ಎಂದು ನಾನು ಖಚಿತಪಡಿಸಿಕೊಂಡ ಆ ಎರಡು ಕ್ಷಣಗಳನ್ನೂ ತಮ್ಮ ವಿಳಂಬದ ಲೆಕ್ಕಕ್ಕೇ ಸೇರಿಸಿಕೊಳ್ಳಿ.

ಆಮೇಲೆ ನಡೆದದ್ದನ್ನು ತಾವು ಮಲಗಿದಲ್ಲಿಂದಲೇ ಕಂಡಿದ್ದೀರಿ. "ಕೈ ಬೀಸ್ಕೊಂಡು ಯಾರೂ ದಾಟೋ ಹಾಗಿಲ್ಲ, ಗಟ್ಟಿ ಇರೋರೆಲ್ಲ ಒಂದೊಂದು ಡಬ್ಬ ಹಿಡೀರಿ, ಅಲ್ಲಾಡಿಸ್ಬೇಡಿ, ಒಳಗಿರೋದು ಹಸುಗೂಸುಗಳು!" ಎಂಬ ಅತ್ತೆಯವರ ಗರ್ಜನೆ ಫೋನಿಲ್ಲದಿದ್ದರೂ ನನಗೆ ಕೇಳುತ್ತಿತ್ತೇನೋ. ನಿವೃತ್ತ ಹೆಡ್‌ಮಾಸ್ತರರು, ಕಾಲೇಜಿನ ಹುಡುಗಿಯರು, ಬೆಳಗಿನಿಂದ ಜಗಳವಾಡಿಕೊಂಡೇ ಬಂದಿದ್ದ ಗಂಡ ಹೆಂಡಿರು, ಎಲ್ಲರೂ ಚಿಲಿಪಿಲಿಗುಟ್ಟುವ ಡಬ್ಬಗಳನ್ನು ಎದೆಗವಚಿಕೊಂಡು ಸಾಲಾಗಿ ಹಳಿ ದಾಟಿದರು. ಡಬ್ಬದ ತೂತಿನಿಂದ ನುಸುಳಿ ಹಳಿಯ ಮೇಲೆ ಗತ್ತಿನಿಂದ ಕುಳಿತ ಒಂದು ಮರಿಯನ್ನು, ಟೈ ಕಟ್ಟಿಕೊಂಡು ಕೆಲಸದ ಸಂದರ್ಶನಕ್ಕೆ ಹೊರಟಿದ್ದ ಒಬ್ಬಾತ ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ಜೇಬಿನಲ್ಲಿ ಮರಿ ಮಾಡಬಾರದ್ದನ್ನು ಮಾಡಿತು. ಆದರೂ ಆತ ಸಮಯಕ್ಕೆ ಸರಿಯಾಗಿ ತಲುಪಿ, ಕಲೆ ಏನೆಂದು ಕೇಳಿದವರಿಗೆ ನಡೆದದ್ದೆಲ್ಲ ಹೇಳಿ ನಗಿಸಿ, ಕೆಲಸವನ್ನೂ ಗಿಟ್ಟಿಸಿದನಂತೆ.

ಹದಿನೇಳು ನಿಮಿಷದಲ್ಲಿ ಎಲ್ಲ ಮುಗಿದಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಫಾರಂ ಮಾಲೀಕರು ಫೋನು ಮಾಡಿ, "ಮೇಡಂ, ಒಂದೂ ಸತ್ತಿಲ್ಲ. ಮುಂದಿನ ವಾರದ್ದೂ ನೀವೇ ನೋಡ್ಕೊಳ್ಳಿ" ಎಂದರು. ಆಗ ನನ್ನ ಕಣ್ಣು ಒದ್ದೆಯಾದದ್ದಕ್ಕೆ ಕೆಳಗಿನ ಅಂಗಡಿಯ ರಬ್ಬರ್ ಹೊಗೆಯೇ ಕಾರಣವೆಂದು ದಾಖಲಿಸಿಕೊಳ್ಳಬೇಕಾಗಿ ವಿನಂತಿ.

ಹಾಗಾದರೆ ದೂರೇನು ಎಂದು ತಾವು ಕೇಳಬಹುದು. ದೂರು ಶುರುವಾಗುವುದೇ ಇಲ್ಲಿಂದ. ಅಂದು ಸಂಜೆ ಅತ್ತೆಯವರು ತಂಗಿಯ ಮನೆಯಲ್ಲಿ, "ನನ್ ಸೊಸೆ ಕೂತ ಜಾಗದಿಂದ್ಲೇ ಎರಡು ಬಸ್ ತಿರುಗಿಸ್ತಾಳೆ, ನಿಮ್ಮ ಬೀರು ಸಾಗ್ಸೋದು ಯಾವ ಲೆಕ್ಕ?" ಎಂದುಬಿಟ್ಟರು. ಈಗ ಆ ತಂಗಿಯ ಬೀರು, ತಂಗಿಯ ಓರಗಿತ್ತಿಯ ಹೊಲಿಗೆ ಯಂತ್ರ, ನಾದಿನಿಯ ಮಾವನವರ ಮಂಚ, ಹಾಗೂ ಬಸ್ಸಿನಲ್ಲಾಗಲಿ ಕಾರಿನಲ್ಲಾಗಲಿ ಕೂರಲಾಗದ, ಆದರೂ ಮುನ್ನೂರು ಕಿಲೋಮೀಟರು ಹೋಗಲೇಬೇಕೆನ್ನುವ ದೊಡ್ಡಪ್ಪನವರು ನನ್ನ ಹಲಗೆಯ ಮೇಲೆ ಸಾಲುಗಟ್ಟಿದ್ದಾರೆ. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಮೊನ್ನೆ ಅತ್ತೆಯವರು ಖುದ್ದಾಗಿ ಕಚೇರಿಗೆ ಬಂದು, ಎರಡನೇ ಫೋನು ಎತ್ತಿ, ಸಿಮೆಂಟ್ ಲಾರಿಯ ಚಾಲಕನಿಗೆ "ಊಟ ಆಗಿಲ್ವಾ? ಮೊದ್ಲು ಊಟ ಮಾಡಿ ಸ್ವಲ್ಪ ಮಲಗಪ್ಪ, ಸಿಮೆಂಟ್ ಎಲ್ಲೂ ಓಡಿಹೋಗಲ್ಲ" ಎಂದು ಅಪ್ಪಣೆ ಕೊಡಿಸಿದರು. ಆತ ಇಷ್ಟು ವರ್ಷಗಳಲ್ಲಿ ಚಾಚೂ ತಪ್ಪದೆ ಪಾಲಿಸಿದ ಆದೇಶ ಅದೊಂದೇ. ಚಾಲಕರೆಲ್ಲ ಈಗ ಎರಡನೇ ಫೋನಿಗೇ ಕರೆ ಮಾಡುತ್ತಾರೆ.

ಯಾವ ಅಧಿಕಾರಿಯಿಂದಲೂ ಆಗದ್ದನ್ನು ತಾವು ಮಾಡಿದಿರಿ. ತಾವು ಏಳದೆ ಐವತ್ತೆಂಟು ಮಂದಿಯನ್ನೂ ಒಬ್ಬ ಅತ್ತೆಯನ್ನೂ ಎಬ್ಬಿಸಿದಿರಿ. ಇಂಥ ಸಮರ್ಥರಲ್ಲಿ ಇಷ್ಟೇ ಬಿನ್ನಹ: ಇನ್ನು ಮುಂದೆ ಏಳದಿರುವ ಮನಸ್ಸಾದಾಗ ವಾರ ಮುಂಚಿತವಾಗಿ ಕಾಗದ ಬರೆಯುವುದು, ವರ್ಷಕ್ಕೊಮ್ಮೆಯಾದರೂ ರಜೆ ಹಾಕಿ ಯಾವುದಾದರೂ ಮೇಲ್ಸೇತುವೆಯನ್ನು ನೋಡಿ ನಾಚಿಕೊಂಡು ಬರುವುದು, ಮತ್ತು ಸಾಧ್ಯವಾದರೆ ಆ ದೊಡ್ಡಪ್ಪನವರಿಗೆ ಹೋಗುವ ಮನಸ್ಸೇ ಬಾರದಂತೆ ನೋಡಿಕೊಳ್ಳುವುದು.

ಎಂಜಿನ್ ಆರಿಸಿ ತಮ್ಮ ಏಳಿಗೆಯನ್ನೇ ಹಾರೈಸುತ್ತಿರುವ,
ತಮ್ಮ ವಿಶ್ವಾಸಿ,
ಮೂರು ಫೋನಿನ (ಸದ್ಯಕ್ಕೆ ಎರಡೇ) ಸಾರಿಗೆ ಏಜೆಂಟ್

ತಾ.ಕ.: ತಮಗೆ ಹೊಸ ಮೋಟಾರು ಮಂಜೂರಾದದ್ದಕ್ಕೆ ಅಭಿನಂದನೆಗಳು. ಅದನ್ನು ಸಾಗಿಸುವ ಕೆಲಸ ನಮಗೇ ಸಿಕ್ಕಿದೆ. ಈ ಪತ್ರ ಬರೆಯುವ ಹೊತ್ತಿಗೆ ಮೋಟಾರಿದ್ದ ಲಾರಿ ತಮ್ಮ ಆಚೆ ಬದಿಗೆ ಬಂದು, ಇಂದು ಮತ್ತೆ ಮಲಗಿಬಿಟ್ಟ ತಾವು ಏಳುವುದನ್ನೇ ಕಾಯುತ್ತ, ಸಾಲಿನಲ್ಲಿ ಹನ್ನೊಂದನೆಯದಾಗಿ ನಿಂತಿದೆ.