ಚಿಪ್ಪಣ್ಣನ ಉಪಜಾತಿ

ಎಲ್ಲಕ್ಕೂ ಮೂಲ ಟೈಪಿಸ್ಟಮ್ಮನಿಗೆ ಆದ ಸೆಕೆ. ಅವರು ಫ್ಯಾನಿನ ಸ್ವಿಚ್ ಒತ್ತಿದ್ದೇ ತಡ, ಮ್ಯೂಸಿಯಮ್ಮಿನ ಹಿಂದಿನ ಕೋಣೆಯಲ್ಲಿ ಎರಡು ಟ್ರೇಗಳಲ್ಲಿದ್ದ ಹೆಸರಿನ ಚೀಟಿಗಳು ಹಾರಿದವು. ಹಿಡಿಯಲು ಎದ್ದ ಚಿಪ್ಪಣ್ಣನ ಮೊಣಕೈ ತಗುಲಿ ಟ್ರೇಗಳೂ ನೆಲ ಕಂಡವು. ಎಂಬತ್ತು ಬಸವನಹುಳುಗಳ ಖಾಲಿ ಚಿಪ್ಪು ಕೋಣೆಯ ತುಂಬ ಚೆಲ್ಲಾಪಿಲ್ಲಿ.

ಅವನ ನಿಜವಾದ ಹೆಸರು ಅಲ್ಲಿ ಯಾರಿಗೂ ನೆನಪಿರಲಿಲ್ಲ. ಒಂಬತ್ತು ವರ್ಷದಿಂದ ಹಂಗಾಮಿ ಹುದ್ದೆಯಲ್ಲಿ ಕೂತು ಚಿಪ್ಪು ನೋಡುವುದೇ ಕೆಲಸವಾದ್ದರಿಂದ ಚಿಪ್ಪಣ್ಣನಾಗಿದ್ದ. ಬೆಟ್ಟದ ಹುಳು, ಕಣಿವೆಯ ಹುಳು ಒಂದೇ ಜಾತಿಯ ಎರಡು ಉಪಜಾತಿಗಳು, ಚಿಪ್ಪಿನ ಕಂದು ಪಟ್ಟೆ ನೋಡಿಯೇ ಹೇಳಬಹುದು ಎಂಬುದು ಅವನ ವಾದ. ಇವತ್ತು ಹನ್ನೊಂದಕ್ಕೆ ದೊಡ್ಡ ಪ್ರೊಫೆಸರು ಬಂದು ಒಪ್ಪಿದರೆ ಹುದ್ದೆ ಕಾಯಂ. ಇಲ್ಲದಿದ್ದರೆ ನಾಳೆಯಿಂದ ಮನೆ. "ಕೊನೆಗೆ ಕೈಗೆ ಚಿಪ್ಪೇ ಕೊಡ್ತಾರೆ, ನೋಡ್ತಿರಿ" ಎಂದು ಹೆಂಡತಿ ಬೆಳಿಗ್ಗೆಯೇ ಹರಸಿ ಕಳಿಸಿದ್ದಳು.

"ಅಯ್ಯೋ, ಆರಿಸಿಟ್ಟರಾಯ್ತಲ್ಲ! ಅದಕ್ಯಾಕೆ ತಲೆ ಮೇಲೆ ಕೈ ಹೊತ್ಕೊಂಡಿದ್ದೀರಿ?" ಎಂದರು ಟೈಪಿಸ್ಟಮ್ಮ.

"ಯಾವುದು ಬೆಟ್ಟದ್ದು, ಯಾವುದು ಕಣಿವೇದು ಅಂತ ಹೇಗೆ ಗೊತ್ತಾಗುತ್ತೆ ಮೇಡಂ?"

"ಪಟ್ಟೆ ನೋಡಿ! ನಿಮ್ಮ ನಲವತ್ತು ಪುಟದ ವರದಿ ಟೈಪ್ ಮಾಡಿದ್ದು ನಾನೇ ಅಲ್ವಾ?"

ಚಿಪ್ಪಣ್ಣ ಭೂತಗನ್ನಡಿ ತೆಗೆದ. ಪ್ರತಿ ಚಿಪ್ಪಿನ ಬಾಯೊಳಗೆ ಮಸಿಯಲ್ಲಿ ಸಂಖ್ಯೆ ಬರೆಯುವುದು ಈ ಕಸುಬಿನ ಮೊದಲ ಪಾಠ. ನಾಳೆ ಬರೆದರಾಯಿತು ಎಂದು ಮೂರು ವರ್ಷ ತಳ್ಳಿದ್ದ. ಈಗ ಭೂತಗನ್ನಡಿ ಹಿಡಿದು ಕೂತರೆ ಪಟ್ಟೆ ಎಲ್ಲದರ ಮೇಲೂ ಒಂದೇ ಥರ ಕಾಣುತ್ತಿತ್ತು. ಒಂಬತ್ತು ವರ್ಷ ತಾನು ನೋಡಿದ್ದು ಚಿಪ್ಪನ್ನೋ ಚೀಟಿಯನ್ನೋ ಎಂದು ಅವನಿಗೇ ಅನುಮಾನ ಹತ್ತಿತು.

ಟೈಪಿಸ್ಟಮ್ಮ ಬಣ್ಣ ನೋಡಿ ಐದು ಗುಂಪು ಮಾಡಿದರು. ಸದ್ದು ಕೇಳಿ ಓಡಿಬಂದ ವಾಚ್‌ಮನ್ ಬೀರುವಿನ ಕೆಳಗೆಲ್ಲ ಕೈಹಾಕಿ ಚಿಪ್ಪು ಹೆಕ್ಕಿ, ತನ್ನ ಪಾಡಿಗೆ ತಾನು ಎರಡು ಗುಂಪು ಮಾಡಿದ. "ನಿನಗೇನು ಗೊತ್ತಯ್ಯಾ? ಮುಟ್ಟಬೇಡ!" ಎಂದು ಚಿಪ್ಪಣ್ಣ ಎಲ್ಲವನ್ನೂ ಮತ್ತೆ ಕಲೆಸಿಬಿಟ್ಟ. ಅಷ್ಟರಲ್ಲಿ ಪ್ರೊಫೆಸರು ಬಾಗಿಲಲ್ಲಿ ನಿಂತಿದ್ದರು.

ಅವರು ಟ್ರೇಗಳತ್ತ ಕಣ್ಣೂ ಹಾಯಿಸಲಿಲ್ಲ. ಚೀಲದಿಂದ ಡಬ್ಬಿ ತೆಗೆದು ಹತ್ತು ಚಿಪ್ಪುಗಳನ್ನು ಮೇಜಿನ ಮೇಲಿಟ್ಟರು.

"ಹೋದ ವರ್ಷ ನೀವೇ ಕಳಿಸಿದ್ದು. ಒಳಗೆ ಬೆಟ್ಟ, ಕಣಿವೆ ಅಂತ ಗುರುತು ಬರೆದು, ಕಾಣದ ಹಾಗೆ ಹತ್ತಿ ತುರುಕಿದ್ದೀನಿ. ಎಲ್ಲಿ, ಬೇರೆ ಮಾಡಿ ನೋಡೋಣ."

ಚಿಪ್ಪಣ್ಣ ದೇವರ ಮೇಲೆ ಭಾರ ಹಾಕಿ ಬೇರೆ ಮಾಡಿದ. ಹತ್ತಿ ತೆಗೆದು ನೋಡಿದರೆ ಐದು ಸರಿ, ಐದು ತಪ್ಪು.

"ಕಣ್ಣು ಮುಚ್ಚಿಕೊಂಡು ಮಾಡಿದ್ರೂ ಇಷ್ಟು ಬರ್ತಿತ್ತು" ಎಂದು ಪ್ರೊಫೆಸರು ಹತ್ತಿಯನ್ನು ವಾಪಸು ತುರುಕಿ, ಚಿಪ್ಪುಗಳನ್ನು ಬೆರೆಸಿ ಡಬ್ಬಿಗೆ ಹಾಕಲು ಹೊರಟರು.

"ಸಾರ್, ನಾನೊಂದ್ಸಲ ನೋಡ್ಲಾ?" ಎಂದ ವಾಚ್‌ಮನ್. ಒಂದೊಂದನ್ನೇ ಮೇಜಿನ ಮೇಲಿಟ್ಟು ಬೆರಳಿನಿಂದ ತಟ್ಟಿ, ಅರ್ಧ ನಿಮಿಷದಲ್ಲಿ ಎರಡು ಗುಂಪು ಮಾಡಿದ. ಪ್ರೊಫೆಸರು ಹತ್ತಿ ತೆಗೆದು ನೋಡಿದರೆ ಒಂದು ಗುಂಪು ಪೂರಾ ಬೆಟ್ಟದ್ದು, ಇನ್ನೊಂದು ಪೂರಾ ಕಣಿವೆಯದು!

"ಹೇಗಯ್ಯಾ?"

"ಕೆಲವು ಉರುಳಿ ಬೀರು ಕೆಳಗೆ ಹೋಗಿದ್ವು, ಕೆಲವು ಬಿದ್ದ ಕಡೇನೇ ಕೂತಿದ್ವು ಸಾರ್. ತಟ್ಟಿದ್ರೆ ಇವು ಉರುಳ್ತವೆ, ಇವು ಕೂರ್ತವೆ. ಪಟ್ಟೆ ಗಿಟ್ಟೆ ನಂಗೊತ್ತಿಲ್ಲ."

ಪ್ರೊಫೆಸರು ಚಿಪ್ಪುಗಳ ಬುಡ ಅಳೆದರು, ಮತ್ತೆ ಅಳೆದರು. "ಕೂರೋದರ ಬುಡ ಚಪ್ಪಟೆ, ಉರುಳೋದರದ್ದು ದುಂಡು! ಉಪಜಾತಿ ಎರಡು, ಅನುಮಾನವೇ ಇಲ್ಲ! ನಿಮ್ಮ ವಾದ ಸರಿ ಕಣ್ರೀ!"

ಚಿಪ್ಪಣ್ಣನಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಹುದ್ದೆ... ಕಾಯಂ ಅಲ್ವಾ ಸಾರ್?"

"ಕಾಯಂ! ಈಗಲೇ ಬರೆದು ಕೊಡ್ತೀನಿ."

ಸಹಿಯಾದ ಕಾಗದವನ್ನು ಟೈಪಿಸ್ಟಮ್ಮ ಮೊದಲು ಓದಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಹುದ್ದೆಯೇನೋ ಕಾಯಂ ಆಗಿತ್ತು. ಹೆಸರಿನ ಜಾಗದಲ್ಲಿ ವಾಚ್‌ಮನ್ ಇದ್ದ.

"ಬೇಜಾರು ಮಾಡ್ಕೋಬೇಡಿ. ಗೇಟಿನ ಜಾಗ ಖಾಲಿ ಆಯ್ತಲ್ಲ, ಅದೂ ಕಾಯಂ ಕೆಲಸಾನೇ" ಎಂದು ಪ್ರೊಫೆಸರು ಚಿಪ್ಪಣ್ಣನ ಬೆನ್ನು ತಟ್ಟಿ ಹೊರಟರು.

ವಾಚ್‌ಮನ್ ಕತ್ತಿನಿಂದ ಸೀಟಿ ಬಿಚ್ಚಿ, ನಾಚಿಕೊಂಡೇ ಚಿಪ್ಪಣ್ಣನ ಕೈಗಿತ್ತ.

"ಸಾರ್, ಗೇಟಿನ ಹತ್ರ ಇರೋ ಸ್ಟೂಲಿನ ಒಂದು ಕಾಲು ಅಲ್ಲಾಡುತ್ತೆ. ಸ್ವಲ್ಪ ನೋಡ್ಕೊಂಡು ಕೂತ್ಕೊಳ್ಳಿ, ಉರುಳಿಬಿಟ್ಟೀರಿ."