ಹನ್ನೆರಡು ಕುಂಬಳಕಾಯಿಗೆ ಒಬ್ಬ ಗಂಡಸು

ಟಿಂಗ್! ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ, ನಮ್ಮ ಹನ್ನೆರಡು ಮಹಡಿಯ ಕಟ್ಟಡದ ಲಿಫ್ಟು ಹಾಗೆ ಸದ್ದು ಮಾಡುತ್ತಿತ್ತು. ಮಧ್ಯಾಹ್ನ ಒಂದೂವರೆಗೆ ಅದು ಕೇಳಿಸಿತೆಂದರೆ ಗಂಡಂದಿರು ಊಟಕ್ಕೆ ಬಂದರೆಂದೇ ಅರ್ಥ. ಇದು ತೊಂಬತ್ತರ ದಶಕದ ಮಾತು.

ಎದುರು ಫ್ಲ್ಯಾಟಿನ ಲಿಲ್ಲಿ ಮಂಗಳೂರಿನವಳು. ಗಂಡನ ಕೆಲಸ ಮುಗಿದು, ನವೆಂಬರಿನಲ್ಲಿ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಡುವವರಿದ್ದರು. ಏಳು ವರ್ಷದ ಮಗಳು ಶರನ್, ಹಿಂದಿನ ವರ್ಷ ಬಿಳಿಯರ ಕಾಂಪೌಂಡಿನ ಗೇಟಿನಾಚೆ ನಿಂತು, ಒಳಗೆ ಮಕ್ಕಳು ಭೂತದ ವೇಷ ಹಾಕಿ ಮನೆಮನೆ ಸುತ್ತುವ ಹ್ಯಾಲೋವೀನ್ ನೋಡಿ ಅತ್ತಿದ್ದಳು.

"ಹೋಗುವ ಮೊದಲು ಮಗುವಿಗೆ ಒಂದು ಹ್ಯಾಲೋವೀನ್ ಮಾಡ್ಬೇಕು ಮಾರಾಯ್ರೇ" ಎಂದಳು ಲಿಲ್ಲಿ.

"ಲೀವ್ ಇಟ್ ಟು ಮಿ!" ಎಂದೆ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು ನಾನು. ಸಿಸ್ಟರ್‌ಗಳ ಎದುರು ಸ್ಕೂಲ್ ಡೇ ನಿಭಾಯಿಸಿದವಳಿಗೆ ಹ್ಯಾಲೋವೀನ್ ಯಾವ ಲೆಕ್ಕ?

ಐದು ಹೆಂಗಸರ ವಾಲಂಟಿಯರ್ ಕಮಿಟಿ ಅಸ್ತಿತ್ವಕ್ಕೆ ಬಂತು. ಅಧ್ಯಕ್ಷೆ ನಾನೇ, ಅವಿರೋಧ ಆಯ್ಕೆ. ಮತ ಹಾಕಿದವಳೂ ನಾನೊಬ್ಬಳೇ! ಮಹಡಿಗೊಂದರಂತೆ ಹನ್ನೆರಡು ಕುಂಬಳಕಾಯಿ ತಂದು, ತಿರುಳು ತೆಗೆದು, ಕಣ್ಣು ಬಾಯಿ ಕೊರೆದು, ಒಳಗೆ ಟಾರ್ಚ್ ಇಡುವುದೆಂದು ತೀರ್ಮಾನವಾಯಿತು. ತರಕಾರಿಯವನು ಪ್ರೀತಿಯಿಂದ ಇನ್ನೊಂದನ್ನು ಸೇರಿಸಿಕೊಟ್ಟ.

"ಥರ್ಟೀನ್ ಬೇಡಪ್ಪ, ಅಪಶಕುನ" ಎಂದು ಲಿಲ್ಲಿ ಅದನ್ನು ತನ್ನ ಅಡುಗೆಮನೆಗೆ ಸಾಗಿಸಿದಳು.

"ವಾಟ್ ಸೂಪರ್‌ಸ್ಟಿಷನ್!" ಎಂದು ನಾನು ನಕ್ಕೆ.

ಆ ನಗು ಹತ್ತು ನಿಮಿಷವೂ ಬಾಳಲಿಲ್ಲ. ನಮ್ಮ ಹಾಲಿನಲ್ಲಿ ಪೇಪರ್ ಹಾಸಿ ಕುಂಬಳಕಾಯಿಗಳನ್ನು ಸಾಲಾಗಿ ಕೂರಿಸಿದ್ದಾಯಿತು. ಚಾಕು ಎತ್ತುವವರೇ ಇಲ್ಲ! ಇಡೀ ಕುಂಬಳಕಾಯಿ ಮನೆಯ ಹಿರಿಮಗನ ಸಮಾನ, ಅದಕ್ಕೆ ಹೆಂಗಸರು ಮೊದಲ ಕತ್ತಿ ಹಾಕಬಾರದು ಎಂದು ನಮ್ಮೆಲ್ಲರ ಅಜ್ಜಿಯರೂ ಹೇಳಿಟ್ಟಿದ್ದರು.

"ನೀವೇ ಶುರು ಮಾಡಿ ಪ್ರೆಸಿಡೆಂಟ್ರೇ" ಎಂದರು ಮೂರನೇ ಮಹಡಿಯ ವನಜಾ.

"ಆಫ್ಟರ್ ಯೂ" ಎಂದೆ. "ಲಿಲ್ಲಿ, ನೀನು ಕ್ಯಾಥೊಲಿಕ್. ನಿನಗೆಂಥ ದೋಷ? ಹಾಕು."

"ದೋಷ ಎಂತದೂ ಇಲ್ಲ. ಆದ್ರೆ ದೊಡ್ಡ ಮಗ ಊರಲ್ಲಿ ಬೋರ್ಡಿಂಗಿನಲ್ಲಿ ಉಂಟಲ್ಲ. ನಾಡಿದ್ದು ಅವನಿಗೆ ಪರೀಕ್ಷೆ ಬೇರೆ. ಸುಮ್ನೆ ರಿಸ್ಕ್ ಯಾಕೆ?"

ಹೀಗೆ ಐವರು ಪದವೀಧರೆಯರು ಹನ್ನೆರಡು ಕುಂಬಳಕಾಯಿಗಳ ಮುಖ ನೋಡುತ್ತಾ ಕುಳಿತೆವು. ಮೂರು ಸಲ ಟೀ ಆಯಿತು.

ಟಿಂಗ್!

ಬಂದರು ನಮ್ಮ ಯಜಮಾನರು. "ರೀ, ಇವಿಷ್ಟಕ್ಕೂ ನೀವು ಕತ್ತಿ ಹಾಕಿಕೊಡಿ" ಎಂದು ಮಚ್ಚು ಕೈಗಿತ್ತು, ನಾನು ಸಾರಿಗೆ ಒಗ್ಗರಣೆ ಹಾಕಲು ಓಡಿದೆ. ಉಳಿದವರು ತಂತಮ್ಮ ಗಂಡಂದಿರಿಗೆ ಬಡಿಸಲು ಓಡಿದರು. ಹಾಲಿನಿಂದ ಧಡ್, ಧಡ್ ಎಂಬ ಸದ್ದು ಸಂಗೀತದಂತೆ ಕೇಳುತ್ತಿತ್ತು.

ಬಂದು ನೋಡಿದರೆ ಇಪ್ಪತ್ತನಾಲ್ಕು ಹೋಳು!

"ರೀ! ಏನ್ರೀ ಮಾಡಿದ್ರಿ?"

"ನಮ್ಮಪ್ಪ ಮಾಡ್ತಿದ್ದಿದ್ದನ್ನೇ ಮಾಡಿದೀನಿ. ನೋಡು, ಒಂದೊಂದೂ ಸಮಸಮ! ಸಾರು ಆಯ್ತಾ?"

ಯಾವ ಕಾರ್ಯಕ್ಕೆ ಎಂದು ತಿಳಿಸುವುದನ್ನು ಮಾನ್ಯ ಅಧ್ಯಕ್ಷೆ ಮರೆತಿದ್ದಳು. ಖಲಾಸ್!

ಅಷ್ಟರಲ್ಲಿ ಲಿಲ್ಲಿಯ ಜೊತೆ ಶರನ್ ಬಂದಳು. ಸ್ಕೂಲಿನಿಂದ ಬಂದವಳೇ ಕಣ್ಣಿಗೆರಡು ತೂತು ಮಾಡಿದ ಬೆಡ್‌ಶೀಟ್ ಹೊದ್ದಿದ್ದಳು. ತೂತಿನೊಳಗೆ ಕಣ್ಣು ತುಂಬಿಕೊಂಡವು. "ಆಂಟಿ, ಇಟ್ಸ್ ಆಲ್ ಬ್ರೋಕನ್." ಆ ಕ್ಷಣ ನಾನು ಕಲಿತ ಇಂಗ್ಲಿಷೆಲ್ಲ ಕೈಕೊಟ್ಟಿತು.

ಲಿಲ್ಲಿ ಮಾತ್ರ ನೆಲದಲ್ಲಿ ಕುಳಿತು ಒಂದು ಹೋಳಿನ ತಿರುಳು ತೆಗೆದಳು. ಎರಡು ಕಣ್ಣು, ವಕ್ರ ಹಲ್ಲು ಕೊರೆದು, ಗೋಡೆಗೆ ಒರಗಿಸಿ ಹಿಂದೆ ಟಾರ್ಚ್ ಇಟ್ಟಳು. "ಗಂಡಸು ಕತ್ತಿ ಹಾಕಿಯಾಯ್ತಲ್ಲ, ಇನ್ನು ನಮ್ದೇ ರಾಜ್ಯ. ಬೆನ್ನು ಯಾರು ನೋಡ್ತಾರೆ ಮಾರಾಯ್ರೇ? ಮುಖ ಉಂಟಲ್ಲ!"

"ಘೋಸ್ಟ್ಸ್ ವಿತ್ ನೋ ಬ್ಯಾಕ್!" ಶರನ್ ಕಿರುಚಿ ಕುಣಿದಳು.

ಸಂಜೆ ಮಹಡಿಗೊಂದಲ್ಲ, ಬಾಗಿಲಿಗೊಂದು ಭೂತ! ಇಪ್ಪತ್ತನಾಲ್ಕು ಬಾಗಿಲು, ಇಪ್ಪತ್ತನಾಲ್ಕು ಮುಖ. ಒಂದು ಮುಖ ಥೇಟ್ ನಮ್ಮತ್ತೆಯವರ ಹಾಗಿತ್ತು. ಅದನ್ನು ಹನ್ನೆರಡನೇ ಮಹಡಿಗೆ ಕಳಿಸಿದೆ. ಬೆಡ್‌ಶೀಟಿನ ಶರನ್ ಮುಂದೆ, ಮಕ್ಕಳ ಸೈನ್ಯ ಹಿಂದೆ. ಒಂದು ಮನೆಯಲ್ಲಿ ಚಕ್ಕುಲಿ, ಇನ್ನೊಂದರಲ್ಲಿ ಲಾಡು, ನಮ್ಮ ಮನೆಯಲ್ಲಿ ಲೋಟದ ತುಂಬ ಕುಂಬಳಕಾಯಿ ಹುಳಿ. ಅಷ್ಟು ತಿರುಳನ್ನು ಇನ್ನೇನು ಮಾಡಲಿ? ಪಕ್ಕದ ಕಟ್ಟಡದವರೂ ನೋಡಲು ಬಂದು, "ಅರ್ಧರ್ಧ ಮಾಡೋದು ಯಾರ ಐಡಿಯಾ?" ಎಂದು ಕೇಳಿದರು.

"ಕಮಿಟಿಯದು" ಎಂದೆ ಗಂಭೀರವಾಗಿ. ಹಿಂದಿನಿಂದ ಯಜಮಾನರು ಕೆಮ್ಮಿದರು.

ಲಿಲ್ಲಿಯನ್ನು ನಾನು ಕೊನೆಯ ಸಲ ನೋಡಿದ್ದು ನವೆಂಬರಿನಲ್ಲಿ, ಏರ್‌ಪೋರ್ಟಿಗೆ ಹೊರಟ ಟ್ಯಾಕ್ಸಿಯ ಕಿಟಕಿಯಲ್ಲಿ. ಆ ಹದಿಮೂರನೆಯ ಕುಂಬಳಕಾಯಿಯನ್ನು ನನ್ನ ಕೈಗೆ ದಾಟಿಸಿ, "ಇದನ್ನಾದ್ರೂ ನೀವೇ ಕತ್ತರಿಸಿ, ಪ್ರೆಸಿಡೆಂಟ್ರೇ!" ಎಂದು ನಕ್ಕಳು. ಆ ನಗುವಿನಲ್ಲೇ ಕಣ್ಣೊರೆಸಿಕೊಂಡಳು. ಹಿಂದಿನ ಗಾಜಿನಲ್ಲಿ ಶರನ್, ತಲೆಯ ಮೇಲೆ ಅದೇ ಬೆಡ್‌ಶೀಟ್. ಟ್ಯಾಕ್ಸಿ ಸಿಗ್ನಲ್ ದಾಟುವವರೆಗೂ ನಿಂತಿದ್ದೆ.

ಮಗುವಿನಂತೆ ಕುಂಬಳಕಾಯಿಯನ್ನು ಸೊಂಟಕ್ಕೇರಿಸಿಕೊಂಡು ಮೇಲೆ ಬಂದೆ. ಕಟ್ಟೆಯ ಮೇಲಿಟ್ಟೆ. ಚಾಕು ಹಿಡಿದೆ. ಲಿಲ್ಲಿಗಾಗಿ, ಶರನ್‌ಗಾಗಿ, ಕಾನ್ವೆಂಟಿನ ಮರ್ಯಾದೆಗಾಗಿ ಕೈ ಎತ್ತಿದೆ.

ಗಡಿಯಾರ ನೋಡಿದೆ. ಒಂದು ಗಂಟೆ.

ಚಾಕು ಕೆಳಗಿಟ್ಟು, ಲಿಫ್ಟಿನ ಟಿಂಗ್ ಸದ್ದಿಗಾಗಿ ಕಾಯುತ್ತಾ ಕುಳಿತೆ.